ನಾಲ್ಕು ದಿನ ಮುಚ್ಚಿದ್ದ ತೂಬು

ನಮ್ಮೂರ ಕೆರೆಯ ತೂಬು ಎತ್ತುವ ಹಿಂದಿನ ಸಂಜೆ ಅಪ್ಪ ಬೀದಿ ಬೀದಿಯಲ್ಲಿ ಸಾರಿ ಬರುತ್ತಿದ್ದ. ಅವನು ನೀರುಗಂಟಿ. ಕೆರೆಯ ನೀರನ್ನು ಯಾವ ದಿನ ಬಿಡಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಹರಿಸಬೇಕು ಎಂದು ನೋಡಿಕೊಳ್ಳುವ ಕೆಲಸ ತಾತನಿಂದ ಅವನಿಗೆ ಬಂದಿತ್ತು. ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಬೀದಿಯ ತುದಿಯಲ್ಲಿ ನಿಂತು, "ನಾಳೆ ಒತ್ತಾರೆಗೆ ತೂಬು ಎತ್ತೀನಿ, ನಿಮ್ ನಿಮ್ ಬದ ನೋಡ್ಕಳ್ರಪ್ಪೋ" ಎಂದು ಒಂದೇ ಸಲ ಕೂಗುತ್ತಿದ್ದ. ಎರಡನೆಯ ಸಲ ಕೂಗಿದ್ದನ್ನು ನಾನು ಕೇಳಿಲ್ಲ. ಮನೆಯೊಳಗಿದ್ದವರು ಹೊರಗೆ ಬಂದು ನಿಜವೇ ಎಂದು ವಿಚಾರಿಸಿದ್ದನ್ನೂ ನೋಡಿಲ್ಲ. ನೀರಿನ ವಿಷಯದಲ್ಲಿ ಅಪ್ಪ ಹೇಳಿದ ಮೇಲೆ ಊರಿನಲ್ಲಿ ಇನ್ನೊಬ್ಬರನ್ನು ಕೇಳುವ ಪದ್ಧತಿ ಇರಲಿಲ್ಲ.

ನಮ್ಮ ಬೀದಿ ಊರಿನ ಕೆಳಗಡೆ, ಬೇರೆಯಾಗಿತ್ತು. ಮನೆಯಲ್ಲಿ ಬುದ್ಧನ ಪಟವಿತ್ತು. ಮೇಲಿನ ಬೀದಿಗಳಲ್ಲಿ ಅಪ್ಪ ಯಾರ ಜಗಲಿಯನ್ನೂ ಹತ್ತುತ್ತಿರಲಿಲ್ಲ. ಅಂಗಳದಲ್ಲೇ ನಿಂತು ಮಾತಾಡುತ್ತಿದ್ದ. ಆದರೆ ಗದ್ದೆಬಯಲಿಗೆ ಇಳಿದರೆ ಅದೇ ಜನ ಅವನ ಗುದ್ದಲಿ ಎತ್ತ ತಿರುಗುತ್ತದೆಂದು ಕಾಯಬೇಕಿತ್ತು. ನೀರು ಕಡಿಮೆ ಇರುವ ಸಾಲಿನಲ್ಲಿ ಕಾಲುವೆಯ ಕಟ್ಟಕಡೆಯ ಗದ್ದೆಗೆ ಮೊದಲು ಹರಿಯಬೇಕು, ತೂಬಿನ ಬಳಿಯವರಿಗೆ ಆಮೇಲೆ, ನೀರುಗಂಟಿಯ ಸ್ವಂತ ಗದ್ದೆಗೆ ಎಲ್ಲರದೂ ಆದ ನಂತರ. ಕುಯ್ಲಾದ ಮೇಲೆ ಪ್ರತಿ ಕಣದಲ್ಲೂ ಅವನಿಗೆ ಒಂದು ತೆಕ್ಕೆ ಭತ್ತದ ಹುಲ್ಲುಹೊರೆ, ತೆನೆ ಸಮೇತ. ತನ್ನ ಎರಡು ತೋಳಿನಲ್ಲಿ ಎಷ್ಟು ತಬ್ಬಬಲ್ಲನೋ ಅಷ್ಟು. ಅಪ್ಪನ ತೋಳು ಉದ್ದ. ಕಣದಲ್ಲಿ ಹೆಂಗಸರು ನಗುತ್ತಿದ್ದರು: "ಇವನ್ನ ನೀರುಗಂಟಿ ಮಾಡ್ಬಾರದಾಗಿತ್ತು ಕನ್ರವ್ವ, ತೆಂಗಿನ ಮರ ತಬ್ದಂಗೆ ತಬ್ತಾನೆ."

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆದರೆ ನಮ್ಮ ಕೆರೆ ಏರಿ ಸಿಗುತ್ತದೆ. ಕೆರೆಯ ನಡುವೆ ಜಾಲಿ ಮರಗಳಿರುವ ಒಂದು ತಿಟ್ಟು. ಚಳಿಗಾಲದಲ್ಲಿ ಆ ತಿಟ್ಟಿನ ಮೇಲೆ ಪಟ್ಟೆತಲೆಯ ಹೆಬ್ಬಾತುಗಳು ಬಂದು ಕೂರುತ್ತಿದ್ದವು. ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟಿ. ಹಿಮಾಲಯದ ಆಚೆಯಿಂದ ಬರುತ್ತವೆ ಎಂಬುದು ನನಗೆ ಗೊತ್ತಾದದ್ದು ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ. ಅಪ್ಪನಿಗೆ ಅವು ದೊಡ್ಡ ಬಾತು, ಅಷ್ಟೆ. ಹಗಲೆಲ್ಲ ತಿಟ್ಟಿನ ಮೇಲೆ ನಿದ್ದೆ ಮಾಡಿ, ಕತ್ತಲಾದ ಮೇಲೆ ಗದ್ದೆಗಿಳಿದು ಎಳೆ ಪೈರು ಮೇಯುವವು. ಅವುಗಳ ಬಗ್ಗೆ ಊರಿನವರಿಗೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಬಂದವು, ಹೋದವು.

ಎಂ.ಎಸ್ಸಿ. ಮೊದಲ ವರ್ಷದಲ್ಲಿ ಒಂದು ಮಧ್ಯಾಹ್ನ, ಪ್ರಯೋಗಾಲಯದಲ್ಲಿ ಯಾರೋ ಹೆಬ್ಬಾತುಗಳ ಚಿತ್ರ ತೋರಿಸಿದಾಗ, "ಇವು ನಮ್ಮೂರಿನ ಕೆರೆಯಲ್ಲಿವೆ" ಎಂದೆ. ತರಗತಿಯಲ್ಲಿ ನಾನಾಗಿಯೇ ಬಾಯಿ ಬಿಟ್ಟದ್ದು ಬಹುಶಃ ಅದೇ ಮೊದಲು. ಆ ಮಾತು ಮೈಸೂರಿನ ಹಕ್ಕಿ ನೋಡುವವರ ಒಂದು ಗುಂಪಿಗೆ ತಲುಪಿತು. ಏಳೆಂಟು ಜನ, ಅವರಲ್ಲಿ ಹಿರಿಯರು ಬ್ಯಾಂಕಿನಿಂದ ನಿವೃತ್ತರಾದವರು. ಪ್ರತಿ ಜನವರಿಯಲ್ಲೂ ಒಂದು ಭಾನುವಾರ ಜಿಲ್ಲೆಯ ಕೆರೆಗಳಲ್ಲೆಲ್ಲ ನೀರುಹಕ್ಕಿಗಳ ಎಣಿಕೆ ನಡೆಯುತ್ತದೆ, ನಿಮ್ಮ ಕೆರೆಗೂ ಬರುತ್ತೇವೆ ಎಂದರು. ನಾನು ಸಂತೋಷದಿಂದ ಒಪ್ಪಿಕೊಂಡೆ.

ಆ ವರ್ಷ ಅವರು ಬರುವ ಹೊತ್ತಿಗೆ ತೂಬು ಎತ್ತಿ ಮೂರು ದಿನವಾಗಿತ್ತು. ಮೊದಲ ನೀರು ಬಿಟ್ಟ ಮೇಲೆ ಕೆರೆ ಬೇಗ ಇಳಿಯುತ್ತದೆ. ತಿಟ್ಟು ದಡಕ್ಕೆ ಸೇರಿಕೊಳ್ಳುತ್ತದೆ, ನಾಯಿಗಳು ಕಾಲು ನೆನೆಯದಂತೆ ಅಲ್ಲಿಗೆ ನಡೆದುಹೋಗುತ್ತವೆ, ಬಾತುಗಳು ಎದ್ದು ಇನ್ನೊಂದು ಕೆರೆಗೆ ಹೋಗುತ್ತವೆ. ಚಿಕ್ಕಂದಿನಿಂದ ನೋಡಿದ್ದೆ. ಆದರೂ ಭಾನುವಾರವನ್ನೂ ತೂಬನ್ನೂ ಒಟ್ಟಿಗೆ ಯೋಚಿಸಿರಲಿಲ್ಲ. ಗುಂಪಿನವರು ಏರಿಯ ಮೇಲೆ ನಿಂತು ಬರಿಯ ಕೆಸರನ್ನು ದೂರದರ್ಶಕದಲ್ಲಿ ನೋಡಿದರು. ನಾಲ್ಕು ನೀರುಕಾಗೆ, ಒಂದಷ್ಟು ಮೆಟ್ಟುಗಾಲು ಹಕ್ಕಿ, ತಿಟ್ಟಿನ ಮೇಲೆ ಮಲಗಿದ್ದ ಒಂದು ನಾಯಿ. "ಪರವಾಗಿಲ್ಲಮ್ಮ, ಹಕ್ಕಿಗಳೇನು ನಮ್ಮನ್ನ ಕೇಳಿ ಬರ್ತವಾ?" ಎಂದು ಹಿರಿಯರು ನಕ್ಕರು. ಅವರಲ್ಲಿ ಒಬ್ಬರು ಮಾತ್ರ ತಗ್ಗಿದ ದನಿಯಲ್ಲಿ, "ಹುಡುಗಿ ಕೊಳದ ಬಾತು ನೋಡಿ ಹೆಬ್ಬಾತು ಅಂದುಕೊಂಡಿರಬೇಕು" ಎಂದದ್ದು ನನಗೆ ಕೇಳಿಸಿತು. ಆ ಮಾತನ್ನು ಒಂದು ವರ್ಷ ಇಟ್ಟುಕೊಂಡಿದ್ದೆ.

ಮರುವರ್ಷ ಎಣಿಕೆಯ ಭಾನುವಾರ ಗೊತ್ತಾದಾಗ ಅಪ್ಪ ಗುರುವಾರ ತೂಬು ಎತ್ತುವವನಿದ್ದ. ಬುಧವಾರ ಸಂಜೆ ಅವನು ಸಾರಲು ಹೊರಡುವ ಮೊದಲು ಬಚ್ಚಲ ಕಲ್ಲಿನ ಮೇಲೆ ಕಾಲು ತೊಳೆಯುತ್ತಿದ್ದ. ನಾನು ತಂಬಿಗೆ ಹಿಡಿದುಕೊಂಡು ನಿಂತೆ.

"ಅಪ್ಪ, ಸೋಮವಾರ ಎತ್ತಿದ್ರೆ ಆಗಲ್ವಾ?"

"ಯಾಕ್ ಕೂಸೆ?"

"ಭಾನುವಾರ ಮೈಸೂರಿಂದ ಬತ್ತರೆ. ಎಣಿಸಕ್ಕೆ."

"ಬಾತ್ನ ಎಣಿಸಕ್ಕಾ?" ಅವನು ಹಿಮ್ಮಡಿ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಾನೇ ಏಳ್ತೀನಲ್ಲ. ಒತ್ತಾರೆ ಉಣಸೆಬೀಜ ತಕಂಡು ಕುಂತ್ಕಂಡ್ರೆ, ಅತ್ತಕ್ಕೊಂದು ಬೀಜ. ಅವ್ರ್ಯಾಕೆ ಪೆಟ್ರೋಲು ಸುಟ್ಕಂಡು ಬರ್ಬೇಕು?"

"ಓದ್ ವರ್ಸ ಬಂದು ಬರೀ ನಾಯಿ ನೋಡ್ಕಂಡು ಓದ್ರಲ್ಲಪ್ಪ."

ಮನೆಯಲ್ಲಿ ನಾನೂ ಹಾಗೆಯೇ ಮಾತಾಡುತ್ತಿದ್ದೆ. ಅಪ್ಪ ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. ನಾನು ಅವನನ್ನು ಏನನ್ನೂ ಕೇಳುವವಳಲ್ಲ. ಪುಸ್ತಕಕ್ಕೂ ಬಸ್ಸಿಗೂ ವಿದ್ಯಾರ್ಥಿವೇತನ ಸಾಕಾಗುತ್ತಿತ್ತು. ಕೇಳದೆ ಇದ್ದದ್ದರ ಭಾರವೆಲ್ಲ ಆ ಒಂದು ಕೇಳಿಕೆಗೆ ಸೇರಿಕೊಂಡಿತ್ತು ಎಂದು ಈಗ ಅನ್ನಿಸುತ್ತದೆ.

"ಕಡೇ ಗದ್ದೆ ಅವ್ವಾರು ಒಟ್ಲು ಬಿಟ್ಟವ್ರೆ" ಎಂದ. ಕಾಲುವೆಯ ಕೊನೆಯ ಗದ್ದೆ ಒಬ್ಬ ಮುದುಕಿಯದು. ಮೇಲಿನ ಬೀದಿಯವರು, ಗಂಡ ತೀರಿಹೋಗಿ, ಒಬ್ಬರೇ ಸಾಗುವಳಿ ಮಾಡುತ್ತಿದ್ದರು. ಮೊದಲ ನೀರು ತಮಗೇ ಎಂದು ಎಲ್ಲರಿಗಿಂತ ಮುಂಚೆ, ಬೇಸಿಗೆಯ ಬೆಳೆಗೆಂದು ಮೊಳಕೆ ಕಟ್ಟಿದ ಭತ್ತವನ್ನು ಸಸಿಮಡಿಗೆ ಚೆಲ್ಲಿದ್ದರು. ಅದನ್ನೇ ನಮ್ಮಲ್ಲಿ ಒಟ್ಟಲು ಎನ್ನುವುದು. ಅದು ಒಣಗಬಾರದು. ಅಪ್ಪ ಅಂಗಳಕ್ಕೆ ಬಂದು ಆಕಾಶ ನೋಡಿದ. ಎರಡು ದಿನದಿಂದ ಮೋಡ ಮುಚ್ಚಿಕೊಂಡಿತ್ತು, ಬೆಳಿಗ್ಗೆ ಮಂಜು. "ಬಿಸ್ಲಿಲ್ಲ. ತಡ್ಕತದೆ ಬುಡು" ಎಂದ. ನನಗೆ ಹೇಳಿದನೋ ತನಗೆ ಹೇಳಿಕೊಂಡನೋ ತಿಳಿಯಲಿಲ್ಲ.

ಬೀದಿಯ ತುದಿಯಲ್ಲಿ ಅವನು ಕೂಗಿದ್ದನ್ನು ಒಳಗಿನಿಂದ ಕೇಳಿಸಿಕೊಂಡೆ. "ತೂಬಿನ ಬಿರಡೆ ಸೋರ್ತಾ ಅದೆ, ಮರ ಆಕಿಸ್ಬೇಕು. ಸ್ವಾಮಾರ ಎತ್ತೀನಿ, ಸ್ವಾಮಾರ." ತೂಬಿನ ಕಂಡಿ ಮುಚ್ಚುವ ಆ ಬಿರಡೆ ಸೋರುತ್ತಿರಲಿಲ್ಲ. ಮಗಳ ನೆಂಟರಿಗಾಗಿ ಎಂದು ಹೇಳಲು ಅವನಿಗೆ ಬಾಯಿ ಬಂದಿರಲಿಕ್ಕಿಲ್ಲ. ಆ ದಿನ ಅವನು ಎರಡು ಸಲ ಕೂಗಿದ.

ಗುರುವಾರ ಮೋಡವಿತ್ತು. ಶುಕ್ರವಾರ ಬೆಳಿಗ್ಗೆ ಒಮ್ಮೆಲೇ ತಿಳಿಯಾಗಿ ಬಿಸಿಲು ಬಿತ್ತು, ಮೂಡಲ ಗಾಳಿ ಬೀಸತೊಡಗಿತು. ಶನಿವಾರವೂ ಹಾಗೆಯೇ. ನಾನು ಆ ಎರಡು ದಿನವೂ ಏರಿಯ ಮೇಲೆ ಕೂತು ಬಾತುಗಳು ತಿಟ್ಟಿನಲ್ಲೇ ಇವೆಯೇ ಎಂದು ನೋಡುತ್ತಿದ್ದೆ. ನನ್ನ ಬೆನ್ನ ಹಿಂದೆ ಗದ್ದೆಬಯಲು ಇತ್ತು. ತಿರುಗಿ ನೋಡಲಿಲ್ಲ. ಅಪ್ಪ ಶನಿವಾರ ಮಧ್ಯಾಹ್ನ ಕಾಲುವೆ ಹಿಡಿದು ಒಂದಿಷ್ಟು ದೂರ ಹೋಗಿ, ಅರ್ಧದಿಂದಲೇ ಹಿಂದಿರುಗಿದ. ಕೊನೆಯವರೆಗೆ ಏಕೆ ಹೋಗಲಿಲ್ಲ ಎಂದು ನಾನು ಕೇಳಲಿಲ್ಲ.

ಭಾನುವಾರ ಹೊತ್ತು ಹುಟ್ಟುವ ಮುಂಚೆಯೇ ಗುಂಪಿನವರ ವ್ಯಾನು ಬಂತು. ಟೋಪಿ, ಫ್ಲಾಸ್ಕು, ಬಾಳೆ ಎಲೆಯಲ್ಲಿ ಕಟ್ಟಿದ ಇಡ್ಲಿ. ಮೂರು ಕಾಲಿನ ಮೇಲೆ ದೂರದರ್ಶಕ ನಿಲ್ಲಿಸಿದರು. ಮಂಜು ಸ್ವಲ್ಪ ಸ್ವಲ್ಪವಾಗಿ ಎದ್ದಾಗ ತಿಟ್ಟು ಕಂಡಿತು. ತಿಟ್ಟಿನ ತುಂಬ ಹೆಬ್ಬಾತುಗಳು. ಕೆಲವು ಒಂಟಿಕಾಲಿನಲ್ಲಿ, ಕೆಲವು ಕತ್ತನ್ನು ಬೆನ್ನಿಗೆ ಮಡಚಿ. ಅಂಚಿನಲ್ಲಿ ಸೂಜಿಬಾಲದ ಬಾತುಗಳು. ಆಚೆ ಬಣ್ಣದ ಕೊಕ್ಕರೆಗಳು ಕೊಕ್ಕನ್ನು ನೀರಿನಲ್ಲಿ ಅರ್ಧ ತೆರೆದುಕೊಂಡು ನಡೆಯುತ್ತಿದ್ದವು. ಹೋದ ವರ್ಷ ತಗ್ಗಿದ ದನಿಯಲ್ಲಿ ಮಾತಾಡಿದ್ದವರು ನನ್ನ ಕಡೆ ತಿರುಗಿ, "ಸಾರಿ ಕಣಮ್ಮ" ಎಂದರು. ಅವರಿಗೆ ನಾನು ಕೇಳಿಸಿಕೊಂಡದ್ದು ಗೊತ್ತಿತ್ತು.

ಅಪ್ಪ ತೂಬಿನ ಕಲ್ಲಿನ ಮೇಲೆ ಕೂತಿದ್ದ. ಹಿರಿಯರು ಎಣಿಸುವುದಕ್ಕೆ ಮೊದಲು ಅವನ ಬಳಿಗೆ ಹೋಗಿ, "ಏನ್ ಯಜಮಾನ್ರೇ, ನಿಮ್ಮ ಲೆಕ್ಕದಲ್ಲಿ ಎಷ್ಟಿವೆ?" ಎಂದರು. ಅಪ್ಪ ಮುಷ್ಟಿ ಬಿಚ್ಚಿ ಹುಣಸೆಬೀಜ ತೋರಿಸಿದ. ಅವರು ಬಾಗಿ ಬೀಜಗಳನ್ನು ಎಣಿಸಿ, "ನಮ್ಮ ಕೆಲಸ ಮುಗೀತು ಕಣ್ರಯ್ಯ, ಇಡ್ಲಿ ಬಿಚ್ಚಿ" ಎಂದಾಗ ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅವನ ಜೊತೆ ಇಡ್ಲಿ ಹಂಚಿಕೊಂಡರು. ನನ್ನ ಪುಸ್ತಕದಲ್ಲಿ ತಾರೀಖು ಬರೆದು, ಗೆರೆ ಎಳೆದು, ಹಕ್ಕಿಗಳ ಹೆಸರು ಬರೆಯಲು ಶುರು ಮಾಡಿದ್ದೆ. ಅಂದು ಬೆಳಿಗ್ಗೆ ಅರ್ಧ ಗಂಟೆ ನಾನು ಏನನ್ನೂ ಬಯಸದೆ ಇದ್ದೆ. ಅದನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಆಮೇಲೆ ಹಾಗೆ ಇದ್ದದ್ದು ನೆನಪಿಲ್ಲ.

ಕಡೇ ಗದ್ದೆಯ ಅಜ್ಜಿ ಏರಿಯ ಇಳಿಜಾರನ್ನು ಕೈಯೂರಿಕೊಂಡು ಹತ್ತಿ ಬಂದರು. ಸೀರೆಯ ಸೆರಗಿನಲ್ಲಿ ಏನೋ ಇತ್ತು. ಅಪ್ಪ ಇಡ್ಲಿಯ ಎಲೆ ಕೆಳಗಿಟ್ಟು ಎದ್ದು ನಿಂತ.

"ಆಚಾರಿ ಬಂದಿದ್ನಾ?" ಎಂದರು ಅಜ್ಜಿ.

ಅಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡ.

"ಬಿರಡೆಗೆ ಮರ ಆಕಿಸ್ತೀನಿ ಅಂದ್ಯಲ್ಲಪ್ಪ. ಎಲ್ಲದೆ ಮರ? ನೋಡಾನ ಅಂತ ಬಂದೆ."

ಅವರು ತೂಬಿನ ಕಡೆ ನೋಡಿದರು. ಆಮೇಲೆ ಟೋಪಿಗಳ ಕಡೆ, ಮೂರು ಕಾಲಿನ ದೂರದರ್ಶಕದ ಕಡೆ, ಕೊನೆಗೆ ನನ್ನ ಕಡೆ. ಅಷ್ಟರಲ್ಲಿ ಅವರಿಗೆ ಎಲ್ಲ ತಿಳಿಯಿತು. ಸೆರಗು ಬಿಚ್ಚಿದರು. ಒಟ್ಟಲಿನ ಮಣ್ಣಿನ ಒಂದು ಹೆಂಟೆ. ಹಪ್ಪಳದಂತೆ ಬಿರಿದಿತ್ತು. ಬಿರುಕಿನ ಅಂಚಿನಲ್ಲಿ ಮೊಳಕೆಗಳು ಹಳದಿಯಾಗಿ, ಮುಟ್ಟಿದರೆ ಮುರಿಯುವಂತೆ ನಿಂತಿದ್ದವು. ಅದನ್ನು ಅಪ್ಪನ ಕೈಗೆ ಕೊಡಲಿಲ್ಲ. ತೂಬಿನ ಕಲ್ಲಿನ ಮೇಲೆ, ಅವನು ಕೂತಿದ್ದ ಜಾಗದಲ್ಲಿ ಇಟ್ಟರು.

ಗುಂಪಿನ ಒಬ್ಬ ಹೆಂಗಸಿಗೆ ಏನೂ ಅರ್ಥವಾಗಿರಲಿಲ್ಲ. ಪ್ರೀತಿಯಿಂದಲೇ, "ಬನ್ನಿ ಅಜ್ಜಿ, ನೀವೂ ನೋಡಿ" ಎಂದು ಅವರನ್ನು ದೂರದರ್ಶಕದ ಬಳಿಗೆ ಕರೆದರು. ಅಜ್ಜಿ ಹೋದರು. ಸೊಂಟ ಬಗ್ಗಿಸಿ, ಒಂದು ಕಣ್ಣನ್ನು ಕೈಯಿಂದ ಮುಚ್ಚಿಕೊಂಡು ಬಹಳ ಹೊತ್ತು ನೋಡಿದರು.

"ಚೆಂದಾಗವೆ" ಎಂದರು. "ಕೊಬ್ಬಿರೋದ ನೋಡು. ವರ್ಸಾವರ್ಸ ನನ್ ಒಟ್ಲ ಮೇದು ಕೊಬ್ಬಿದ್ವು. ಈ ವರ್ಸ ಏನ್ ಮೇದಾವೋ, ನೀರೇ ಕುಡ್ಕಂಡಿರ್ಲಿ." ನಂತರ ಅಪ್ಪನ ಕಡೆ ತಿರುಗದೆಯೇ, "ಅಲ್ಲ ಕನಪ್ಪ, ಬಾತಿಗೆ ನೀರ್ ಮಡಗಿವ್ನಿ ಅಂದಿದ್ರೆ ನಾನೇನ್ ಬ್ಯಾಡ ಅಂತಿದ್ನಾ? ಕೊಡದಲ್ಲಿ ಒತ್ತಾಕತಿದ್ದೆ. ಸ್ವಾಮಾರ ಬತ್ತದೆ ಅಂತ ನಿನ್ ಮಾತ್ ನಂಬ್ಕಂಡು ಕುಂತಿದ್ದೆ" ಎಂದರು.

ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಅಂಗಿ ಬಿಚ್ಚಿ ಕಲ್ಲಿನ ಮೇಲಿಟ್ಟ. ಎದೆಮಟ್ಟದ ನೀರಿಗಿಳಿದು ಉಸಿರು ಹಿಡಿದು ಮುಳುಗಿ ಬಿರಡೆಗೆ ಭುಜ ಕೊಟ್ಟ. ಸಾರದೆ ಅವನು ತೂಬು ಎತ್ತಿದ್ದು ಅದೊಂದೇ ಸಲ. ಏರಿಯ ಕೆಳಗೆ ನೀರು ಗೊರಗೊರನೆ ಹೊರಟ ಸದ್ದಿಗೋ ಅಥವಾ ನೀರಿನಿಂದ ಎದ್ದ ಮನುಷ್ಯನನ್ನು ಕಂಡೋ ಬಾತುಗಳು ತಲೆ ಎತ್ತಿದವು. ಒಂದು ಕೂಗಿತು. ನಂತರ ಇಡೀ ತಿಟ್ಟೇ ಎದ್ದಂತೆ ಎದ್ದು, ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿ ಹೊಳೆಯ ದಿಕ್ಕಿಗೆ ಹೋದವು. ಹಿರಿಯರ ಎಣಿಕೆ ಅರ್ಧದಲ್ಲಿತ್ತು. ಅವರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟರು. ನನ್ನ ಭುಜ ಮುಟ್ಟಲು ಕೈ ಎತ್ತಿ, ಬೇಡವೆಂದು ಇಳಿಸಿದರು. ಸ್ವಲ್ಪ ಹೊತ್ತಿಗೆ ಅವರೆಲ್ಲ ಸೋಮನಾಥಪುರದ ದೇವಸ್ಥಾನ ನೋಡಿಕೊಂಡು ಹೋಗುತ್ತೇವೆಂದು ಹೊರಟರು.

ಒಟ್ಟಲು ಮತ್ತೆ ಚಿಗುರಲಿಲ್ಲ. ನಮ್ಮ ಗದ್ದೆಯ ಒಟ್ಟಲಿನಲ್ಲಿ ಪೈರು ಬಂದಾಗ ಅಪ್ಪ ಅದನ್ನು ಕಿತ್ತು ಕಟ್ಟು ಕಟ್ಟಿ ಕಡೇ ಗದ್ದೆಗೆ ಒಯ್ದು ತಾನೇ ನಾಟಿಗೆ ನಿಂತ. ಆ ಸಾಲು ನಮ್ಮ ಗದ್ದೆ ಬೀಳು ಬಿತ್ತು. ಅಜ್ಜಿ ಬೇಡ ಎನ್ನಲಿಲ್ಲ. ಅಷ್ಟಕ್ಕೆ ಮುಗಿಯಬಹುದಿತ್ತು. ಆದರೆ ಊರಿನ ಹಿರಿಯರು ಅರಳಿಕಟ್ಟೆಯ ಬಳಿ ಅಪ್ಪನನ್ನು ಕರೆಸಿದರು. ಯಾರೂ ಗದರಲಿಲ್ಲ. ಊರ ಯಜಮಾನರು ಎಲೆ ಅಡಿಕೆ ಮೆಲ್ಲುತ್ತ, "ಇನ್ಮುಂದ್ಕೆ ತೂಬು ಎತ್ತುವಾಗ ನಿನ್ ಜೊತೇಲಿ ಒಬ್ರು ಇರ್ಲಿ ಕನ. ನಾನೇ ಬತ್ತೀನಿ" ಎಂದರಂತೆ. ಅಪ್ಪ, "ಇರ್ಲಿ ಬುದ್ಧಿ" ಎಂದು ಬಂದ. ಮನೆಗೆ ಬಂದು ನನಗೆ ಹೇಳಿದ್ದೂ ಅಷ್ಟೇ: "ಒಬ್ರು ಇರ್ಲಿ ಅಂದ್ರು."

ಅಂದಿನಿಂದ ತೂಬು ಎತ್ತುವ ಪ್ರತಿ ಬೆಳಿಗ್ಗೆಯೂ ಯಜಮಾನರು ಏರಿಯ ಮೇಲೆ ನಿಲ್ಲುತ್ತಿದ್ದರು. ಎರಡು ವರ್ಷಕ್ಕೆ ಅವರಿಗೇ ಬೇಸರವಾಯಿತು. ಆದರೆ ಅಪ್ಪ ಬಿಡಲಿಲ್ಲ. ಅವರ ಅಂಗಳದಲ್ಲಿ ಹೋಗಿ ನಿಲ್ಲುತ್ತಿದ್ದ.

"ನೀನೇ ಎತ್ತು ಓಗಯ್ಯ, ಚಳಿ. ಯಾರ್ ಕೇಳ್ತರೆ ಈಗ?"

"ನೀವು ಬನ್ನಿ ಬುದ್ಧಿ."

"ಅಯ್ಯೋ ನಿನ್ ದಮ್ಮಯ್ಯ, ಯಾವ್ ಕಾಲದ್ ಮಾತು ಅದು!"

"ಬನ್ನಿ ಬುದ್ಧಿ. ನಿಂತ್ಕತೀನಿ."

ಅವರು ಶಾಲು ಹೊದ್ದು ಗೊಣಗುತ್ತ ಬರುತ್ತಿದ್ದರು. ಕುಯ್ಲಿನ ಕಾಲದಲ್ಲಿ ಅಪ್ಪ ಎಲ್ಲರ ಕಣದಲ್ಲೂ ತೆಕ್ಕೆ ತೆಗೆದುಕೊಳ್ಳುತ್ತಿದ್ದ. ಕಡೇ ಗದ್ದೆಯ ಕಣಕ್ಕೆ ಮಾತ್ರ ಹೋಗುತ್ತಿರಲಿಲ್ಲ. "ನಿನ್ ತೋಳ್ ಮುರಿದೋಗಿದ್ದದಾ?" ಎಂದು ಅಜ್ಜಿ ದಾರಿಯಲ್ಲಿ ಕಂಡಾಗಲೆಲ್ಲ ಕೂಗುತ್ತಿದ್ದರು. ಅಪ್ಪ ತಲೆ ತಗ್ಗಿಸಿ ನಕ್ಕು ಮುಂದೆ ಹೋಗುತ್ತಿದ್ದ.

ನಾನೀಗ ತಿ. ನರಸೀಪುರದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಬೆಳಗಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗಿ, ಸಂಜೆಯ ಬಸ್ಸಿನಲ್ಲಿ ಮುಡುಕುತೊರೆಯಿಂದ ಬರುವವರ ಗಂಟುಮೂಟೆಗಳ ನಡುವೆ ನಿಂತು ಬರುತ್ತೇನೆ. ಭಾನುವಾರ ಬಟ್ಟೆ ಒಗೆಯುವುದು, ಉತ್ತರಪತ್ರಿಕೆ ತಿದ್ದುವುದು. ದಣಿವು ಕೆಲಸದ್ದೇ ಇರಬಹುದು. ಹಕ್ಕಿ ನೋಡುವ ಗುಂಪಿನವರು ಪ್ರತಿ ಜನವರಿ ಫೋನು ಮಾಡುತ್ತಾರೆ. ಬಾತು ಇವೆಯೇ ಎಂದು ಕೇಳುತ್ತಾರೆ. ಇದ್ದರೆ ಇವೆ ಎನ್ನುತ್ತೇನೆ, ತೂಬು ಎತ್ತಿದ್ದರೆ ಎತ್ತಿದ್ದಾರೆ ಎನ್ನುತ್ತೇನೆ. ಅವರು ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ನಾನು ಏರಿಗೆ ಹೋಗುವುದಿಲ್ಲ.

ಹೋದದ್ದು ಈ ಜನವರಿಯಲ್ಲಿ. ಊರ ಯಜಮಾನರು ಮಳೆಗಾಲದಲ್ಲಿ ತೀರಿಹೋಗಿದ್ದರು. ತೂಬು ಎತ್ತುವ ದಿನ ಭಾನುವಾರವಾಗಿ, ನಾನು ಮನೆಯಲ್ಲಿದ್ದೆ. ಅಪ್ಪನ ಮಂಡಿ ಹಿಡಿದುಕೊಂಡಿದೆ. ನೀರಿಗೆ ಇಳಿಯಲು ಈಗ ನನ್ನ ತಮ್ಮ ಅವನ ಜೊತೆ ಹೋಗುತ್ತಾನೆ. ಅಪ್ಪ ಗುದ್ದಲಿ ತೆಗೆದುಕೊಂಡು ಬಾಗಿಲಲ್ಲಿ ಸುಮ್ಮನೆ ನಿಂತದ್ದನ್ನು ನೋಡಿ ನನಗೆ ಅರ್ಥವಾಯಿತು. ಯಾರ ಅಂಗಳಕ್ಕೆ ಹೋಗಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

"ನಾನ್ ಬತ್ತೀನಪ್ಪ" ಎಂದೆ. "ನಾನ್ ನಿಂತ್ಕತೀನಿ ಜೊತೇಲಿ."

ಅವನು ನನ್ನನ್ನು ನೋಡಿದ. ಕೋಪವಿರಲಿಲ್ಲ.

"ನೀನ್ ಬ್ಯಾಡ ಕೂಸೆ" ಎಂದ.

ಕುಂಟುತ್ತ ಮೇಲಿನ ಬೀದಿಗೆ ಹೋದ. ಅರ್ಧ ಗಂಟೆಯ ಮೇಲೆ ಕಡೇ ಗದ್ದೆಯ ಅಜ್ಜಿಯನ್ನು ಕರೆದುಕೊಂಡು ಬಂದ. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಕೋಲಿನ ಒಂದು ತುದಿಯನ್ನು ಅಪ್ಪ ಹಿಡಿದಿದ್ದ, ಇನ್ನೊಂದನ್ನು ಅವರು. ಬೇಡ ಎಂದದ್ದು ಸಾಕ್ಷಿಗೆ ಮಾತ್ರ ಎಂದುಕೊಂಡು ನಾನು ಸ್ವಲ್ಪ ದೂರದಿಂದ ಹಿಂಬಾಲಿಸಿದೆ. ಏರಿಯ ಮೇಲೆ ಅಜ್ಜಿ ಕೆರೆಗೆ ಬೆನ್ನು ಮಾಡಿ, ಗದ್ದೆಯ ಕಡೆ ಮುಖ ಮಾಡಿ ಕೂತರು. ತಮ್ಮ ನೀರಿಗಿಳಿದ. ಅಪ್ಪ ಕಲ್ಲಿನ ಮೇಲೆ ನಿಂತು, "ಎತ್ತಿಸ್ತಾ ಇವ್ನಿ ಅವ್ವಾರೆ" ಎಂದು ಗಟ್ಟಿಯಾಗಿ ಹೇಳಿದ.

ಕೆಳಗೆ ನೀರಿನ ಸದ್ದು ಶುರುವಾದಾಗ ಅಜ್ಜಿ ಕೈ ಎತ್ತಿದರು. "ಬಂತು. ಕೇಳಿಸ್ತು. ಮೊದ್ಲು ನನ್ ಗದ್ದೆಗೆ ತಾನೆ?"

"ನಿಮ್ದಕ್ಕೇ."

"ಅಂಗಾರೆ ಈ ಸಲ ಕಣಕ್ಕೆ ಬಾ. ಬರ್ದೆ ಇದ್ರೆ ಮುಂದ್ಲ ವರ್ಸದಿಂದ ನಾನ್ ಬರಕಿಲ್ಲ, ಯಾರ್ನ ಕರ್ಕಬತ್ತೀಯೋ ಕರ್ಕಬಾ."

ಅಪ್ಪ ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡ. ನಾನು ಹತ್ತಿರ ಹೋದದ್ದು ಹೆಜ್ಜೆಯ ಸದ್ದಿನಿಂದ ಅಜ್ಜಿಗೆ ತಿಳಿಯಿತು.

"ಯಾರು, ಮೇಷ್ಟ್ರಮ್ನಾ? ಬಾತು ಅವಾ ಇವತ್ತು?"

ಹಿಂದೆ ತಿರುಗಿ ನೋಡಿದೆ. "ಅವೆ" ಎಂದೆ.

"ಎಷ್ಟವೆ?"

"ಎಣಿಸ್ನಿಲ್ಲ ಅವ್ವಾರೆ."

"ಎಣಿಸು ಮತ್ತೆ. ನೀರಿಳಿಯಾಗಂಟ ಇರ್ತವೆ" ಎಂದರು. ಅಪ್ಪ ಜೇಬಿಗೆ ಕೈ ಹಾಕಿ ಹುಣಸೆಬೀಜ ತೆಗೆದು ನನ್ನ ಕಡೆ ಚಾಚಿದ. ತೆಗೆದುಕೊಂಡೆ. ಬಹಳ ಹೊತ್ತು ಅವು ನನ್ನ ಮುಷ್ಟಿಯಲ್ಲೇ ಇದ್ದವು. ನಾನು ನೀರು ಹರಿದು ಹೋಗುತ್ತಿದ್ದ ಕಡೆಯನ್ನು, ಕಟ್ಟಕಡೆಯ ಗದ್ದೆಯವರೆಗೆ, ನೋಡುತ್ತ ನಿಂತಿದ್ದೆ.